ಬೋರೇಗೌಡನನ್ನು ನೋಡಿ ನಕ್ಕಿದ್ದು ಸಾಕು

1970ರಲ್ಲಿ ‘ಬೋರೇಗೌಡ ಬೆಂಗಳೂರಿಗೆ ಬಂದ’ ಎಂಬ ಕನ್ನಡ ಚಿತ್ರ ತೆರೆಕಂಡಿತು. ಅದರ ಕಥೆ ಮರೆತವರಿಗೂ, ಅದನ್ನು ನೋಡದೇ ಇದ್ದವರಿಗೂ ಹೆಸರು ಮಾತ್ರ ನೆನಪಿದೆ. ಹಳ್ಳಿಯಿಂದ ಬಂದು ಮೆಜೆಸ್ಟಿಕ್ಕಿನಲ್ಲಿ ದಿಕ್ಕು ತೋಚದೆ ನಿಂತವನನ್ನು ಕಂಡಾಗಲೆಲ್ಲ ನಗರದ ಜನ ಈ ಹೆಸರು ಹೇಳಿ ನಗುತ್ತ ಬಂದಿದ್ದಾರೆ. ತಪ್ಪು ಬಸ್ಸು ಹತ್ತುವ ಹಳ್ಳಿಗ ನಮ್ಮ ನಾಟಕ, ಸಿನಿಮಾ, ಹಾಸ್ಯೋತ್ಸವಗಳ ಖಾಯಂ ಪಾತ್ರ. ಅವನು ಕಂಡಕ್ಟರನನ್ನು ಏನೋ ಕೇಳುತ್ತಾನೆ, ಕಂಡಕ್ಟರ್ ಇನ್ನೇನೋ ಹೇಳುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ.

ಈ ನಗೆಯ ಬಗ್ಗೆ ನಮ್ಮದೊಂದು ತಕರಾರಿದೆ. ಅವನ ಮುಖ ನೋಡಿ ನಕ್ಕವರು, ಅವನು ಹತ್ತಿದ ಬಸ್ಸಿನ ಬೋರ್ಡಿನಲ್ಲಿ ಏನು ಬರೆದಿತ್ತು ಎಂಬುದನ್ನು ನೋಡಲೇ ಇಲ್ಲ. ಒಂದು ಕೃತಿಯನ್ನು ವಿಮರ್ಶಿಸುವಾಗ ನಾವು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಇದನ್ನು ಯಾರು ಓದುತ್ತಾರೆಂದು ಭಾವಿಸಿ ಬರೆಯಲಾಗಿದೆ? ಬೆಂಗಳೂರಿನ ಸಿಟಿ ಬಸ್ಸೂ ದಿನವೂ ಲಕ್ಷಾಂತರ ಜನ ಓದುವ ಒಂದು ಬರಹವೇ. ಅದರ ಸಂಖ್ಯೆ, ಫಲಕ, ನಿಲ್ದಾಣದ ಹೆಸರು, ಟಿಕೆಟ್ಟು ಎಲ್ಲವೂ ಆ ಬರಹದ ಭಾಗಗಳು. ಅದಕ್ಕೂ ಇದೇ ಪ್ರಶ್ನೆ ಕೇಳಿ ನೋಡೋಣ. ಉತ್ತರ ಅಷ್ಟೇನೂ ಸಂತೋಷದ್ದಲ್ಲ. ಆ ಬರಹ ಬೆಂಗಳೂರು ಗೊತ್ತಿರುವವರಿಗಾಗಿ ಮಾತ್ರ ಬರೆದದ್ದು.

ಗೌರಿಬಿದನೂರಿನಿಂದ ಬೆಂಗಳೂರಿಗೆ ಸುಮಾರು ಎಪ್ಪತ್ತೈದು-ಎಂಬತ್ತು ಕಿಲೋಮೀಟರ್. ದೊಡ್ಡಬಳ್ಳಾಪುರ, ಯಲಹಂಕ, ಹೆಬ್ಬಾಳ ದಾಟಿದರೆ ಮೆಜೆಸ್ಟಿಕ್. ಈ ದಾರಿಯಲ್ಲಿ ಯಾರಿಗೂ ಗೊಂದಲವಿಲ್ಲ. ನಮ್ಮ ಬಸ್ ನಿಲ್ದಾಣದಲ್ಲಿ ಬಸ್ಸಿನ ಹೆಸರನ್ನು ಓದಬೇಕಾದ ಅಗತ್ಯವೇ ಬೀಳುವುದಿಲ್ಲ. ಕಂಡಕ್ಟರ್ ಬಾಗಿಲಲ್ಲಿ ನಿಂತು ಊರುಗಳನ್ನು ಕೂಗುತ್ತಾನೆ. ಕನ್ನಡ ಓದಲು ಬಾರದ ಅಜ್ಜಿಗೂ, ಉರ್ದು ಮಾತ್ರ ಓದಬಲ್ಲ ಹಳೆಯ ಮೌಲ್ವಿ ಸಾಹೇಬರಿಗೂ, ತೆಲುಗು ಮನೆಮಾತಿನ ರೈತನಿಗೂ ಆ ಕೂಗು ಸಾಕು. “ಅಣ್ಣಾ, ಈ ಬಸ್ಸು ಎಲ್ಲಿಗೆ ಹೋಗ್ತದೆ?” ಎಂದು ಕನ್ನಡದಲ್ಲಿ ಕೇಳಿದರೂ, “ಭಾಯ್, ಏ ಬಸ್ ಕಾಂ ಜಾತೀ?” ಎಂದು ದಖನಿಯಲ್ಲಿ ಕೇಳಿದರೂ, ತೆಲುಗಿನಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ಗಡಿಯ ಊರಿನ ಬಸ್ಸು ಮೂರು ಭಾಷೆಗಳನ್ನು ತಕಲೀಫಿಲ್ಲದೆ ಹೊತ್ತುಕೊಂಡು ಹೋಗುತ್ತದೆ.

ತೊಂದರೆ ಶುರುವಾಗುವುದು ಆ ಬಸ್ಸಿನಿಂದ ಇಳಿದ ಮೇಲೆ. ನಮ್ಮ ತಾಲ್ಲೂಕಿನ ಹೊಸೂರಿನವರಾದ ಡಾ. ಎಚ್. ನರಸಿಂಹಯ್ಯನವರು ಹುಡುಗನಾಗಿದ್ದಾಗ, 1935ರಲ್ಲಿ, ನ್ಯಾಷನಲ್ ಹೈಸ್ಕೂಲು ಸೇರಲು ಬಸ್ಸಿಗೆ ದುಡ್ಡಿಲ್ಲದೆ ಎರಡು ದಿನ ನಡೆದೇ ಬೆಂಗಳೂರು ತಲುಪಿದರು. ಅವರ ಛಲವನ್ನು ನೆನೆದು ನಾವೆಲ್ಲ ಹೆಮ್ಮೆಪಡುತ್ತೇವೆ. ಇದರ ಇನ್ನೊಂದು ಮಗ್ಗುಲನ್ನೂ ಗಮನಿಸಬೇಕು. ನಡೆದು ಹೋಗುವವನಿಗೆ ದಾರಿಯೇ ಪಾಠ ಹೇಳುತ್ತದೆ. ಪ್ರತಿ ಊರಿನ ಕಟ್ಟೆಯ ಮೇಲೆ ಕುಳಿತವರನ್ನು ಕೇಳಿಕೊಂಡು, ನಗರ ಹತ್ತಿರವಾದಂತೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಅರ್ಥ ಮಾಡಿಕೊಂಡು ಒಳಗೆ ಹೋಗಬಹುದು. ಬಸ್ಸು ನಮ್ಮನ್ನು ಎರಡು-ಎರಡೂವರೆ ಗಂಟೆಯಲ್ಲಿ ತಂದು ಮೆಜೆಸ್ಟಿಕ್ಕಿನ ಜನಸಾಗರದಲ್ಲಿ ಇಳಿಸಿಬಿಡುತ್ತದೆ. ಎಪ್ಪತ್ತೈದು ಕಿಲೋಮೀಟರ್ ಸುಲಭವಾಗಿ ಮುಗಿಯುತ್ತದೆ, ಉಳಿದ ಏಳೆಂಟು ಕಿಲೋಮೀಟರ್ ಕಷ್ಟವಾಗುತ್ತದೆ.

ಆ ಏಳೆಂಟು ಕಿಲೋಮೀಟರಿನ ಕಷ್ಟ ಸಣ್ಣದಲ್ಲ. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವವರಲ್ಲಿ ಮದುವೆ ಜವಳಿಗೆ ಹೋಗುವವರಿದ್ದಾರೆ, ಕಾಲೇಜಿಗೆ ಸೇರಲು ಹೋಗುವ ಮಕ್ಕಳಿದ್ದಾರೆ, ಗಾರ್ಮೆಂಟ್ಸ್ ಕೆಲಸ ಹುಡುಕುವ ಹೆಣ್ಣುಮಕ್ಕಳಿದ್ದಾರೆ. ಇವರ ಜೊತೆಗೆ ಕೈಯಲ್ಲಿ ಎಕ್ಸ್‌ರೇ ಕವರು ಹಿಡಿದವರೂ ಇದ್ದಾರೆ. ತಲೆಯ, ನರದ ಕಾಯಿಲೆಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ಮಕ್ಕಳಿಗೆ ಇಂದಿರಾ ಗಾಂಧಿ ಆಸ್ಪತ್ರೆ. ಈ ಎಲ್ಲ ದೊಡ್ಡ ಸರ್ಕಾರಿ ಆಸ್ಪತ್ರೆಗಳೂ ನಗರದ ದಕ್ಷಿಣಕ್ಕಿವೆ. ನಮ್ಮ ಬಸ್ಸು ನಗರವನ್ನು ಪ್ರವೇಶಿಸುವುದು ಉತ್ತರದಿಂದ. ಆದ್ದರಿಂದ ನಮ್ಮವರಿಗೆ ಎರಡನೆಯ ಬಸ್ಸು ತಪ್ಪಿದ್ದಲ್ಲ. ಹೊರರೋಗಿಗಳ ಚೀಟಿ ಬೆಳಿಗ್ಗೆ ಇಂತಿಷ್ಟು ಹೊತ್ತಿನವರೆಗೆ ಮಾತ್ರ. ತಪ್ಪು ಬಸ್ಸು ಹತ್ತಿದರೆ ಹಾಸ್ಯೋತ್ಸವದಲ್ಲಿ ಒಂದು ನಗೆ ಹುಟ್ಟಬಹುದು. ಇಲ್ಲಿ ಒಂದು ದಿನದ ಕೂಲಿ, ಒಂದು ದಿನದ ಚಿಕಿತ್ಸೆ, ಹೋಗಿ ಬರುವ ಆಯಾಸ ಎಲ್ಲವೂ ವ್ಯರ್ಥವಾಗುತ್ತವೆ.

ಈಗ ಬೋರ್ಡು ಓದೋಣ. ಮೊದಲಿಗೆ ಸಂಖ್ಯೆ. 335-ಇ ಎಂದರೆ ಮೆಜೆಸ್ಟಿಕ್ಕಿನಿಂದ ಕಾಡುಗೋಡಿ, 365 ಎಂದರೆ ಬನ್ನೇರುಘಟ್ಟ, 500-ಡಿ ಎಂದರೆ ಹೆಬ್ಬಾಳದಿಂದ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್. ಸಂಖ್ಯೆಗಳ ಹಿಂದೆ ಒಂದು ಲೆಕ್ಕವಿದೆ. ಐನೂರರ ಸಾಲಿನವು ವರ್ತುಲ ರಸ್ತೆಯ ಕಡೆಯವು ಎಂದು ಹಳಬರು ಸಲೀಸಾಗಿ ಹೇಳುತ್ತಾರೆ. ಆದರೆ ಈ ಲೆಕ್ಕವನ್ನು ಹೊಸಬನಿಗೆ ಕಲಿಸುವ ಫಲಕ ಯಾವ ನಿಲ್ದಾಣದಲ್ಲಿ ಕಣ್ಣಿಗೆ ಬೀಳುತ್ತದೆ? ಸಂಖ್ಯೆಯ ಬಾಲಕ್ಕೆ ಒಂದು ಅಕ್ಷರ ಸೇರಿದರೆ ಬಸ್ಸು ಬೇರೆಡೆಗೆ ಹೊರಳುತ್ತದೆ. ಎ, ಸಿ, ಡಿ, ಕೆ ಎಂಬ ಈ ಬಾಲಗಳಿಗೂ ಹೋಗುವ ಊರಿಗೂ ಏನು ಸಂಬಂಧ ಎಂಬುದು ಬೋರ್ಡಿನಿಂದ ತಿಳಿಯುವುದಿಲ್ಲ. ವಜ್ರ ಬಸ್ಸಿಗೆ ಮುಂದೆ ‘ವಿ’ ಬರುತ್ತದೆ, ವಿಮಾನ ನಿಲ್ದಾಣದ ಬಸ್ಸಿಗೆ ‘ಕೆಐಎ’, ಮೆಟ್ರೋ ಫೀಡರ್ ಬಸ್ಸಿಗೆ ‘ಎಂಎಫ್’. ಅವುಗಳ ದರವೂ ಬೇರೆ ಇರಬಹುದು, ಹೆಂಗಸರ ಉಚಿತ ಟಿಕೆಟ್ಟು ಅನ್ವಯಿಸದೇ ಇರಬಹುದು. ಕನ್ನಡ ಬಲ್ಲವನಿಗೆ ಇಲ್ಲಿರುವ ಅಕ್ಷರವೆಲ್ಲ ಓದಲು ಬರುತ್ತದೆ, ಅರ್ಥ ಮಾತ್ರ ಆಗುವುದಿಲ್ಲ.

ಎರಡನೆಯದು ಹೆಸರುಗಳು. ಫಲಕದಲ್ಲಿ ‘ಕೆಂಪೇಗೌಡ ಬಸ್ ನಿಲ್ದಾಣ’ ಎಂದಿರುತ್ತದೆ, ಕೆಲವೊಮ್ಮೆ ಅದನ್ನು ‘ಕೆಬಿಎಸ್’ ಎಂದು ಮೊಟಕು ಮಾಡಿರುತ್ತಾರೆ. ಜನ ಹೇಳುವುದು ‘ಮೆಜೆಸ್ಟಿಕ್’. ಆ ಹೆಸರಿನ ಚಿತ್ರಮಂದಿರ ಹೋಗಿ ಎಷ್ಟೋ ಕಾಲವಾಗಿದೆ, ಹೆಸರು ಜಾಗಕ್ಕೆ ಅಂಟಿಕೊಂಡಿದೆ. ಮೂರೂ ಒಂದೇ ಎಂಬುದನ್ನು ಹೊಸಬ ಯಾರಿಂದಾದರೂ ಕೇಳಿಯೇ ತಿಳಿಯಬೇಕು. ಇನ್ನು ಕೆ.ಆರ್. ಎಂಬ ಎರಡಕ್ಷರದ ಅವಾಂತರ ನೋಡಿ. ಕೆ.ಆರ್. ಮಾರ್ಕೆಟ್ ಒಂದು ಕಡೆ, ಕೆ.ಆರ್. ಸರ್ಕಲ್ ಇನ್ನೊಂದು ಕಡೆ, ಕೆ.ಆರ್. ರಸ್ತೆ ಮತ್ತೊಂದು ಕಡೆ, ಕೆ.ಆರ್. ಪುರ ನಗರದ ಪೂರ್ವದ ತುದಿಯಲ್ಲಿ. “ಕೆ.ಆರ್.ಗೆ ಹೋಗ್ತದಾ ಸಾರ್?” ಎಂದು ಕೇಳಿದವನಿಗೆ ಹೌದು ಎಂದರೂ ತಪ್ಪಲ್ಲ, ಇಲ್ಲ ಎಂದರೂ ತಪ್ಪಲ್ಲ.

ಮೂರನೆಯದು ನಿಲ್ದಾಣ. ರಸ್ತೆಯ ಈ ಬದಿಯಲ್ಲೂ ಆ ಬದಿಯಲ್ಲೂ ಒಂದೇ ಹೆಸರು. ಯಾವ ಬದಿಯ ಬಸ್ಸು ಎತ್ತ ಹೋಗುತ್ತದೆ ಎಂಬ ಸುಳಿವಿಲ್ಲ. ಹೆಬ್ಬಾಳದಂಥ ಜಾಗದಲ್ಲಿ ಮೇಲ್ಸೇತುವೆಯ ಸುತ್ತ ದಿಕ್ಕಿಗೊಂದರಂತೆ ಬಸ್ಸು ನಿಲ್ಲುವ ಜಾಗಗಳಿವೆ, ಎಲ್ಲಕ್ಕೂ ಹೆಬ್ಬಾಳವೆಂದೇ ಹೆಸರು. ನಮ್ಮ ಬಸ್ಸಿನಿಂದ ಅಲ್ಲಿ ಇಳಿದವರು ವರ್ತುಲ ರಸ್ತೆಯ ಬಸ್ಸು ಹಿಡಿಯಲು ವಾಹನಗಳ ನಡುವೆ ಜೀವ ಕೈಯಲ್ಲಿ ಹಿಡಿದು ದಾಟಬೇಕು. ತಂಗುದಾಣಗಳಲ್ಲಿ ದೀಪ ಹಾಕಿ ಬೆಳಗಿಸಿದ ದೊಡ್ಡ ಫಲಕಗಳೇನೋ ಇವೆ. ಅವುಗಳಲ್ಲಿ ಚಿನ್ನದಂಗಡಿಯ, ಅಪಾರ್ಟ್‌ಮೆಂಟಿನ ಜಾಹೀರಾತು. ಒಡವೆಯ ಹೆಸರನ್ನು ನೂರು ಗಜ ದೂರದಿಂದ ಓದಬಹುದು, ಇಳಿದ ಜಾಗದ ಹೆಸರನ್ನು ಹತ್ತಿರ ಹೋಗಿ ಹುಡುಕಬೇಕು. ಯಾರು ಮುಖ್ಯ, ಯಾರು ಅಮುಖ್ಯ ಎಂಬುದನ್ನು ಅಕ್ಷರದ ಗಾತ್ರವೇ ಹೇಳುತ್ತದೆ.

ಬರೆದದ್ದು ನೆರವಾಗದಿದ್ದಾಗ ಉಳಿಯುವುದು ಬಾಯಿ. ಬೆಂಗಳೂರಿನ ಬಸ್ಸು ನಿಜವಾಗಿ ನಡೆಯುತ್ತಿರುವುದು ಕೇಳುವವರ ಮತ್ತು ಹೇಳುವವರ ಮೇಲೆ. ಪಕ್ಕದಲ್ಲಿ ನಿಂತವರು, ಹೂ ಮಾರುವಾಕೆ, ಆಟೋ ಚಾಲಕ, ಕಡಲೆಕಾಯಿ ಗಾಡಿಯವನು, ಇವರೇ ನಗರ ಸಾರಿಗೆಯ ಸಂಬಳವಿಲ್ಲದ ಮಾಹಿತಿ ಅಧಿಕಾರಿಗಳು. ಇವರ ಉಪಕಾರವನ್ನು ಮರೆಯುವಂತಿಲ್ಲ. ಎಷ್ಟೋ ಮಂದಿ ತಮ್ಮ ಬಸ್ಸು ಬಿಟ್ಟು ಮುದುಕರನ್ನು ಸರಿಯಾದ ಬಸ್ಸಿಗೆ ಹತ್ತಿಸುತ್ತಾರೆ. ಆದರೂ ಒಂದು ಮಾತು ಹೇಳಲೇಬೇಕು. ಮಾಹಿತಿ ಫಲಕದಲ್ಲಿದ್ದರೆ ಅದು ಎಲ್ಲರಿಗೂ ಸಮ. ಫಲಕ ಓದುವವರ ಬಟ್ಟೆ ನೋಡುವುದಿಲ್ಲ. ಮಾಹಿತಿ ಮನುಷ್ಯನ ಬಾಯಲ್ಲಿದ್ದರೆ ಯಾರು ಕೇಳುತ್ತಿದ್ದಾರೆ ಎಂಬುದು ಲೆಕ್ಕಕ್ಕೆ ಬರುತ್ತದೆ. ಪ್ಯಾಂಟು ಹಾಕಿದವನಿಗೆ ಸಿಗುವ ಉತ್ತರ ಲುಂಗಿಯವನಿಗೆ ಸಿಗುತ್ತದೆಯೇ? ಗಂಡಸಿಗೆ ಸಿಗುವ ಉತ್ತರ ಬುರ್ಖಾ ತೊಟ್ಟು ಮಗುವನ್ನು ಎತ್ತಿಕೊಂಡ ಹೆಂಗಸಿಗೆ ಅಷ್ಟೇ ಸಹನೆಯಿಂದ ಸಿಗುತ್ತದೆಯೇ? ಒಳ್ಳೆಯವರು ಸಿಕ್ಕರೆ ಸಿಗುತ್ತದೆ. ಅಂದರೆ ಹಕ್ಕಾಗಿ ಸಿಗಬೇಕಾದದ್ದು ಅದೃಷ್ಟವನ್ನು ನೆಚ್ಚಿಕೊಳ್ಳಬೇಕಾಗುತ್ತದೆ.

ಈಚಿನ ವರ್ಷಗಳಲ್ಲಿ ಬೆಂಗಳೂರಿನ ಬಸ್ಸಿನ ಸುದ್ದಿ ಬಂದರೆ ಅದು ಹೆಚ್ಚಾಗಿ ಭಾಷೆಯ ಜಗಳದ ಸುದ್ದಿ. ಹೊರಗಿನಿಂದ ಬಂದವರಿಗೆ ಕನ್ನಡ ಬಾರದು ಎಂಬ ದೂರು ಒಂದು ಕಡೆ, ಕಂಡಕ್ಟರ್‌ಗೆ ಹಿಂದಿ ಬಾರದು ಎಂಬ ದೂರು ಇನ್ನೊಂದು ಕಡೆ. ಮೊಬೈಲಿನಲ್ಲಿ ಚಿತ್ರೀಕರಿಸಿದ ಈ ಜಗಳಗಳನ್ನು ಊರೆಲ್ಲ ನೋಡುತ್ತದೆ. ಕನ್ನಡದ ನಗರದಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಇರಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಈ ಜಗಳ ಒಂದು ಸತ್ಯವನ್ನು ಮರೆಮಾಚುತ್ತಿದೆ. ಗೌರಿಬಿದನೂರಿನ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಓದಿದ ಹುಡುಗಿಯೂ ಮೆಜೆಸ್ಟಿಕ್ಕಿನಲ್ಲಿ ದಾರಿ ತಪ್ಪುತ್ತಾಳೆ. ಅವಳಿಗೆ ಕನ್ನಡ ಬರುತ್ತದೆ. ಅವಳಿಗೆ ಬಾರದಿರುವುದು ಬೆಂಗಳೂರಿನ ಬಸ್ಸಿನ ಸಂಕೇತ ಭಾಷೆ. ಅದನ್ನು ಯಾವ ಶಾಲೆಯಲ್ಲೂ ಕಲಿಸುವುದಿಲ್ಲ. ತನ್ನ ತಾಯಿಯ ಜೊತೆ ದಖನಿಯಲ್ಲಿ ಮಾತಾಡಿದ ಕಾರಣಕ್ಕೆ ಅದೇ ಹುಡುಗಿಯನ್ನು ಹೊರರಾಜ್ಯದವಳೆಂದು ಯಾರಾದರೂ ಭಾವಿಸಿದರೆ, ಎಪ್ಪತ್ತೈದು ಕಿಲೋಮೀಟರ್ ದೂರದ ಕನ್ನಡತಿ ತನ್ನದೇ ರಾಜಧಾನಿಯಲ್ಲಿ ಎರಡು ಸಲ ಪರಕೀಯಳಾಗುತ್ತಾಳೆ. ಭಾಷೆಯ ಅಭಿಮಾನಿಗಳು ಈ ಹುಡುಗಿಯ ಪರವಾಗಿಯೂ ಒಂದು ಮನವಿ ಕೊಡಬೇಕಾಗಿತ್ತು.

2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ಹೆಂಗಸರು ಗುರುತಿನ ಚೀಟಿ ತೋರಿಸಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲದೆ ಓಡಾಡಬಹುದಾಯಿತು. ಇದರ ಬಗ್ಗೆ ಹಗುರವಾಗಿ ಮಾತಾಡುವವರನ್ನು ನಾವು ಒಪ್ಪುವುದಿಲ್ಲ. ಗಂಡನನ್ನು ದುಡ್ಡು ಕೇಳದೆ ತಾಯಿಯ ಮನೆಗೆ, ಆಸ್ಪತ್ರೆಗೆ, ದರ್ಗಾಕ್ಕೆ, ದೇವಸ್ಥಾನಕ್ಕೆ ಹೋಗಿಬಂದ ಹೆಂಗಸರ ಮುಖದ ಕಳೆಯನ್ನು ನೋಡಿದವರು ಹಾಗೆ ಮಾತಾಡಲಾರರು. ಎಷ್ಟೋ ಮಹಿಳೆಯರು ಒಬ್ಬರೇ ಬೆಂಗಳೂರಿನ ಬಸ್ಸು ಹತ್ತಿದ್ದು ಈ ಯೋಜನೆ ಬಂದ ಮೇಲೆಯೇ. ಆದರೆ ದರ ತೆಗೆದುಹಾಕಿದ ಸರ್ಕಾರ ದಾರಿ ತೋರಿಸುವುದನ್ನು ಮರೆಯಿತು. ಯೋಜನೆಯ ಪ್ರಚಾರ ಫಲಕಗಳಲ್ಲಿ ನಾಯಕರ ಭಾವಚಿತ್ರಗಳಿದ್ದವು. ‘ಈ ಬಸ್ಸಿನಲ್ಲಿ ಉಚಿತ, ಆ ಬಸ್ಸಿನಲ್ಲಿ ಇಲ್ಲ’ ಎಂಬುದನ್ನು ಬಸ್ಸಿನ ಬಾಗಿಲಲ್ಲೇ ಎಲ್ಲರಿಗೂ ಕಾಣುವಂತೆ ಬರೆಸುವುದು ಅದಕ್ಕಿಂತ ಮುಖ್ಯವಾಗಿತ್ತು. ಗಡಿಯವರಾದ ನಮಗೆ ಇದು ಇನ್ನೂ ತೊಡಕಿನದು. ಹಿಂದೂಪುರದ ಕಡೆಯಿಂದ ಬರುವ ಆಂಧ್ರದ ಬಸ್ಸು ಬೆಂಗಳೂರಿಗೇ ಹೋಗುತ್ತಿದ್ದರೂ ಅದರಲ್ಲಿ ಶಕ್ತಿ ನಡೆಯುವುದಿಲ್ಲ. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಅವರದೇ ಉಚಿತ ಪ್ರಯಾಣ ಯೋಜನೆ ಇದೆ, ಅದು ಆ ರಾಜ್ಯದ ಹೆಂಗಸರಿಗೆ. ಹೊಸದಾಗಿ ಹೊರಟವಳಿಗೆ ಇದೆಲ್ಲ ತಿಳಿಯುವುದು ಸೀಟು ಹಿಡಿದು ಕುಳಿತ ಮೇಲೆ.

ಗಂಡಸರಿಗೆ ಅಂಥ ರಿಯಾಯಿತಿಯೂ ಇಲ್ಲ. 2025ರ ಜನವರಿಯಲ್ಲಿ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ದರ ಶೇಕಡಾ 15ರಷ್ಟು ಏರಿತು. ತಪ್ಪು ಬಸ್ಸು ಹತ್ತಿ ಇಳಿದು ಇನ್ನೊಂದು ಬಸ್ಸಿಗೆ ಹೊಸ ಟಿಕೆಟ್ಟು ತೆಗೆದುಕೊಳ್ಳಬೇಕಾದ ಕೂಲಿಕಾರನಿಗೆ ಇದು ಗೊತ್ತಿಲ್ಲದ್ದಕ್ಕೆ ತೆರುವ ದಂಡ.

ಈಗ ಎಲ್ಲಕ್ಕೂ ಮೊಬೈಲಿದೆಯಲ್ಲ ಎಂಬ ಮಾತು ಬರುತ್ತದೆ. ‘ನಮ್ಮ ಬಿಎಂಟಿಸಿ’ ಎಂಬ ಆ್ಯಪ್ ಇದೆ, ಬಸ್ಸು ಎಲ್ಲಿದೆ ಎಂದು ಅದರಲ್ಲಿ ನೋಡಬಹುದು. ಫೋನಿನಿಂದಲೇ ಟಿಕೆಟ್ ದುಡ್ಡು ಕೊಡಬಹುದು, ಚಿಲ್ಲರೆಯ ಹಳೆಯ ರಗಳೆ ಅಷ್ಟರಮಟ್ಟಿಗೆ ಕಡಿಮೆಯಾಗಿದೆ. ಒಳ್ಳೆಯದೇ. ಆದರೆ ಆ್ಯಪಿನಲ್ಲಿ ಹುಡುಕಲು ಹೋಗಬೇಕಾದ ನಿಲ್ದಾಣದ ಸರಿಯಾದ ಹೆಸರು ಗೊತ್ತಿರಬೇಕು. ಹೊಸಬನಿಗೆ ಗೊತ್ತಿರುವುದು ‘ದೊಡ್ಡಾಸ್ಪತ್ರೆ’, ‘ಅಕ್ಕನ ಮಗಳ ಮನೆ ಹತ್ತಿರದ ಮಸೀದಿ’ ಅಷ್ಟೇ. ಅಲ್ಲದೆ ಮನೆಗೆ ಒಂದೇ ಫೋನಿರುವ ಕಡೆ ಅದು ಕೆಲಸಕ್ಕೆ ಹೋದ ಮಗನ ಜೇಬಿನಲ್ಲಿರುತ್ತದೆ, ಆಸ್ಪತ್ರೆಗೆ ಹೊರಟ ತಾಯಿಯ ಕೈಯಲ್ಲಿ ಇರುವುದಿಲ್ಲ. ಫೋನಿದ್ದವರಿಗೆ ಅನುಕೂಲವಾಯಿತೆಂದು ಗೋಡೆಯ ಮೇಲಿನ ಫಲಕವನ್ನು ಬಿಟ್ಟುಬಿಡುವುದು ನ್ಯಾಯವಲ್ಲ.

ಕಂಡಕ್ಟರ್, ಡ್ರೈವರುಗಳನ್ನು ಬೈದು ಈ ವಿಷಯ ಮುಗಿಸುವುದು ಸುಲಭ. ನಾವು ಆ ಗುಂಪಿಗೆ ಸೇರುವುದಿಲ್ಲ. ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯಾಗಿ 1940ರಲ್ಲಿ ಶುರುವಾಗಿ, 1956ರಲ್ಲಿ ಸರ್ಕಾರದ ಕೈಗೆ ಬಂದು, ಬಿಟಿಎಸ್ ಎಂದು ಹೆಸರಾಗಿ, 1997ರಲ್ಲಿ ಬಿಎಂಟಿಸಿ ಎಂಬ ಬೇರೆಯೇ ನಿಗಮವಾದ ಈ ಸಂಸ್ಥೆ ಇಂದು ಆರು ಸಾವಿರಕ್ಕೂ ಹೆಚ್ಚು ಬಸ್ಸು ಓಡಿಸುತ್ತಿದೆ. ಕಿಕ್ಕಿರಿದ ಬಸ್ಸಿನಲ್ಲಿ ಟಿಕೆಟ್ಟು ಕೊಡುತ್ತ, ಗುರುತಿನ ಚೀಟಿ ನೋಡುತ್ತ, ಮುಂದಕ್ಕೆ ಹೋಗಿ ಎಂದು ಕೂಗುತ್ತ ನಿಂತ ಕಂಡಕ್ಟರ್ ದಿನಕ್ಕೆ ಅದೆಷ್ಟು ಸಲ “ಹೋಗಲ್ಲಮ್ಮ, ಹಿಂದ್ಗಡೆ ಬಸ್ಸಲ್ಲಿ ಬನ್ನಿ” ಎಂದು ಹೇಳಬೇಕು! ಅವನ ಸಿಡುಕು ಕೆಟ್ಟದ್ದೇ. ಆದರೆ ಬೋರ್ಡು ಹೇಳಬೇಕಾದದ್ದನ್ನೂ ಅವನೇ ಹೇಳಬೇಕಾಗಿ ಬಂದದ್ದರಿಂದ ಆ ಸಿಡುಕು ಹುಟ್ಟಿದೆ. ಫಲಕ ಸರಿಯಿದ್ದರೆ ಕಂಡಕ್ಟರನ ಗಂಟಲೂ ಉಳಿಯುತ್ತದೆ, ಪ್ರಯಾಣಿಕನ ಮಾನವೂ ಉಳಿಯುತ್ತದೆ.

ಇದು ಆಗದ ಕೆಲಸವೇನೂ ಅಲ್ಲ. 1933ರಲ್ಲಿ ಲಂಡನ್ನಿನ ಸುರಂಗ ರೈಲಿಗೆ ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ ತಯಾರಿಸಿದ ಹೊಸ ನಕ್ಷೆ ಬಂತು. ಭೂಪಟದ ವಕ್ರರೇಖೆಗಳನ್ನೆಲ್ಲ ಬಿಟ್ಟು, ಬಣ್ಣಕ್ಕೊಂದು ದಾರಿ, ಎಲ್ಲಿ ಬದಲಾಯಿಸಬೇಕೋ ಅಲ್ಲಿ ಒಂದು ಗುರುತು ಎಂದು ಅವನು ಸರಳ ಮಾಡಿದ. ಪ್ರಯಾಣಿಕನಿಗೆ ಬೇಕಾದದ್ದು ಅಷ್ಟೇ ಎಂದು ಅವನಿಗೆ ತಿಳಿದಿತ್ತು. 1969ರಲ್ಲಿ ಮೆಕ್ಸಿಕೋ ನಗರದ ಮೆಟ್ರೋ ಆರಂಭವಾದಾಗ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆ ಒಂದು ಚಿತ್ರ ಕೊಟ್ಟರು. ಅಕ್ಷರ ಬಾರದವರು, ಆ ಭಾಷೆ ಬಾರದವರು ಚಿತ್ರ ನೋಡಿ ಇಳಿಯಬಹುದು. ಚುನಾವಣೆಯಲ್ಲಿ ಮತ ಕೇಳಲು ಕೈ, ಕಮಲ, ತೆನೆ ಹೊತ್ತ ಮಹಿಳೆ ಎಂದು ಚಿತ್ರ ಕೊಡುವುದು ನಮ್ಮ ದೇಶಕ್ಕೂ ಗೊತ್ತಿದೆ. ಆಸ್ಪತ್ರೆಗೆ ಹೋಗುವ ಬಸ್ಸಿಗೆ ಒಂದು ಚಿತ್ರ ಕೊಡಲು ಏನಡ್ಡಿ?

ಹೊಸಬನನ್ನು ಮರೆತು ಯೋಜನೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಪೀಣ್ಯದ ಬಸವೇಶ್ವರ ಬಸ್ ನಿಲ್ದಾಣ ಸಾಕ್ಷಿ. 2014ರಲ್ಲಿ ಉದ್ಘಾಟನೆಯಾದ ಆ ದೊಡ್ಡ ಕಟ್ಟಡದಿಂದ ದೂರದೂರಿನ ಬಸ್ಸುಗಳನ್ನು ಓಡಿಸಲು ಹೊರಟರು. ಆದರೆ ಪ್ರಯಾಣಿಕರಿಗೆ ಅಲ್ಲಿಂದ ನಗರದೊಳಕ್ಕೆ ಬರಲು ಮತ್ತೊಂದು ಬಸ್ಸು ಹಿಡಿಯಬೇಕಿತ್ತು. ಜನ ಹೋಗಲಿಲ್ಲ, ಕಟ್ಟಡ ಬಿಕೋ ಎಂದಿತು. ಹೊರಗಿನಿಂದ ಬಂದವನಿಗೆ ಎರಡನೆಯ ಬಸ್ಸು ಎಷ್ಟು ಭಾರ ಎಂಬುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಹಿಂದಿನವರು ಈ ಲೆಕ್ಕವನ್ನು ಬಲ್ಲವರಾಗಿದ್ದರು. ಬೆಂಗಳೂರಿನ ರೈಲು ನಿಲ್ದಾಣದ ಹತ್ತಿರ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಛತ್ರ ಊರು ಗೊತ್ತಿಲ್ಲದೆ ಬಂದಿಳಿದವರಿಗೆಂದೇ ಕಟ್ಟಿಸಿದ್ದು. ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತಿದ್ದವರು ನೀರು ಕುಡಿಯುವವನ ಕುಲ ಕೇಳುತ್ತಿರಲಿಲ್ಲವೆಂದು ಹೇಳಿದರೆ ಅದು ಎಲ್ಲ ಕಡೆಯೂ ನಿಜವಾಗಲಿಕ್ಕಿಲ್ಲ, ಆದರೆ ಅದರ ಆಶಯ ಅದೇ ಆಗಿತ್ತು. ಇಸ್ಲಾಮಿನಲ್ಲಿ ಜಕಾತ್ ಪಡೆಯಲು ಅರ್ಹರೆಂದು ಕುರ್‌ಆನ್ ಹೆಸರಿಸುವ ಎಂಟು ಬಗೆಯವರಲ್ಲಿ ದಾರಿಹೋಕನೂ ಒಬ್ಬ. ಅವನು ತನ್ನೂರಿನಲ್ಲಿ ಅನುಕೂಲಸ್ಥನೇ ಇರಬಹುದು, ಪರಊರಿನಲ್ಲಿ ಅವನು ಅಸಹಾಯಕ ಎಂಬ ತಿಳಿವಳಿಕೆ ಇದರ ಹಿಂದಿದೆ. ಮುಸಾಫಿರನ ಅಜ್ಞಾನ ಅವನ ದೋಷವಲ್ಲ, ಅದು ಅವನ ಸ್ಥಿತಿ. ಛತ್ರ, ಸರಾಯಿಗಳ ಕಾಲ ಮುಗಿದು ನಿಗಮಗಳ ಕಾಲ ಬಂದಾಗ ಈ ತಿಳಿವಳಿಕೆ ಎಲ್ಲೋ ಕೈಬಿಟ್ಟುಹೋಯಿತು.

ಇದನ್ನು ಬೆಂಗಳೂರಿಗೆ ಮಾತ್ರ ಹೇಳಿದರೆ ಸಾಲದು. ನಮ್ಮ ಗೌರಿಬಿದನೂರಿನ ಕೈಗಾರಿಕಾ ಪ್ರದೇಶಕ್ಕೂ ದೂರದ ರಾಜ್ಯಗಳ ಹುಡುಗರು ಕೆಲಸಕ್ಕೆ ಬರುತ್ತಿದ್ದಾರೆ. ಅವರಿಗೆ ನಮ್ಮ ಕಂಡಕ್ಟರನ ಕೂಗು ಅರ್ಥವಾಗುವುದಿಲ್ಲ. ನಮಗೆ ಇಷ್ಟು ಸುಲಭವಾದ ಬಸ್ ನಿಲ್ದಾಣ ಅವರಿಗೆ ಮೆಜೆಸ್ಟಿಕ್ಕೇ. ಅವರನ್ನು ನೋಡಿ ನಮ್ಮೂರಿನವರು ನಕ್ಕರೆ, ಬೆಂಗಳೂರಿನವರು ನಮ್ಮನ್ನು ನೋಡಿ ನಕ್ಕದ್ದನ್ನು ಪ್ರಶ್ನಿಸುವ ನೈತಿಕತೆ ನಮಗೆಲ್ಲಿ ಉಳಿಯುತ್ತದೆ?

ಕೇಳುತ್ತಿರುವುದು ದೊಡ್ಡದೇನಲ್ಲ. ಪ್ರತಿ ನಿಲ್ದಾಣದಲ್ಲಿ ಜಾಹೀರಾತಿಗಿಂತ ದೊಡ್ಡದಾಗಿ ಕನ್ನಡದಲ್ಲಿ ಆ ಜಾಗದ ಹೆಸರು, ಈ ಬದಿಯ ಬಸ್ಸುಗಳು ಯಾವ ಕಡೆಗೆ ಹೋಗುತ್ತವೆ ಎಂಬ ಒಂದು ಸಾಲು, ಅಲ್ಲಿಗೆ ಬರುವ ಸಂಖ್ಯೆಗಳ ಪಟ್ಟಿ. ಮೆಜೆಸ್ಟಿಕ್, ಶಿವಾಜಿನಗರ, ಕೆ.ಆರ್. ಮಾರ್ಕೆಟ್, ಹೆಬ್ಬಾಳಗಳಂಥ ಕಡೆ ಆಸ್ಪತ್ರೆಗಳಿಗೆ ಹೋಗುವ ಬಸ್ಸುಗಳ ಪ್ರತ್ಯೇಕ ಫಲಕ, ಚಿತ್ರದ ಸಮೇತ. ಜನ ಬಳಸುವ ಹೆಸರಿಗೂ ಫಲಕದಲ್ಲಿ ಜಾಗ. ಉಚಿತವೋ ಅಲ್ಲವೋ ಎಂಬುದು ಬಾಗಿಲಲ್ಲೇ. ಇದಕ್ಕೆ ಸುರಂಗ ಕೊರೆಯಬೇಕಿಲ್ಲ, ಮೇಲ್ಸೇತುವೆ ಕಟ್ಟಬೇಕಿಲ್ಲ, ಬಣ್ಣದ ಡಬ್ಬಿ ಮತ್ತು ಸ್ವಲ್ಪ ಗಮನ ಸಾಕು. ಬರೆಯಿಸಿದ ಮೇಲೆ ಅದನ್ನು ನಗರದ ಅಧಿಕಾರಿಗಳು ಓದಿ ಒಪ್ಪಿದರೆ ಸಾಲದು, ಅವರಿಗೆ ದಾರಿ ಮೊದಲೇ ಗೊತ್ತು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಆ ಬೆಳಿಗ್ಗೆ ಬಂದಿಳಿದ ಹತ್ತು ಜನರನ್ನು ಫಲಕದ ಮುಂದೆ ನಿಲ್ಲಿಸಿ, ಯಾರನ್ನೂ ಕೇಳದೆ ನಿಮ್ಹಾನ್ಸಿಗೆ ಹೋಗಿ ಬನ್ನಿ ಎಂದು ಹೇಳಬೇಕು. ಹತ್ತೂ ಜನ ಚೀಟಿ ಕೊಡುವ ಹೊತ್ತು ಮುಗಿಯುವುದರೊಳಗೆ ತಲುಪಿದರೆ ಬೋರ್ಡು ಪಾಸು. ತಲುಪದಿದ್ದರೆ ಫೇಲಾದದ್ದು ಬೋರ್ಡು, ಬೋರೇಗೌಡನಲ್ಲ.